ವಸ್ತಿ ಎಲ್ಲಿ? ಮೊದಲ ಕ್ಯಾರವಾನ್ ಪ್ರವಾಸಕ್ಕೆ ಹೊರಡುವ ಮುಂಚೆ

ನಮ್ಮ ಕಡೆ ವಸ್ತಿ ಬಸ್ಸು ಅಂತ ಇರುತ್ತದೆ. ಸಂಜೆ ಕೊನೆಯ ಟ್ರಿಪ್ಪಿಗೆ ಹಳ್ಳಿಗೆ ಬಂದು, ರಾತ್ರಿ ಅಲ್ಲೇ ನಿಂತು, ಬೆಳಿಗ್ಗೆ ಮತ್ತೆ ಪ್ಯಾಟಿಗೆ ಹೊರಡುವ ಬಸ್ಸು. ಅದರ ಡ್ರೈವರು, ಕಂಡಕ್ಟರು ಎಲ್ಲಿ ಮಲಗಬೇಕು, ಜಳಕ ಎಲ್ಲಿ, ಚಹಾ ಯಾರ ಅಂಗಡಿಯದು ಎಲ್ಲ ಮೊದಲೇ ಗೊತ್ತಿರುತ್ತದೆ. ಬಾಗಲಕೋಟೆಯಿಂದ ನಾವು ಮೊದಲ ಸಲ ಬಾಡಿಗೆ ಕ್ಯಾರವಾನ್ ತರಿಸಿಕೊಂಡು ಹೊರಟಾಗ ಅವ್ವ ಕೇಳಿದ್ದೂ ಇದನ್ನೇ. "ಎಲ್ಲಾ ಖರೆ, ವಸ್ತಿ ಎಲ್ಲಿ ಮಾಡ್ತೀರಿ?" ನಾನು ಜಂಬದಿಂದ "ಗಾಡಿ ಒಳಗ ಮಂಚ ಅದಾವ ಅವ್ವಾ, ಎಲ್ಲಿ ಬೇಕಾದ್ರೂ ಮಲಗಬಹುದು" ಅಂದೆ.

ತಪ್ಪು ಉತ್ತರ. ಅದು ಮೊದಲ ದಿನ ಸಂಜೆ ಏಳಕ್ಕೇ ಗೊತ್ತಾಯಿತು.

ಕ್ಯಾರವಾನ್ ಅಂದರೆ ಗಾಲಿ ಇರುವ ಲಾಡ್ಜು ಅಂತ ತಿಳಿದುಕೊಂಡರೆ ಕಷ್ಟ. ಲಾಡ್ಜಿನಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ, ಬಚ್ಚಲ ನೀರು ಎಲ್ಲಿ ಹೋಯಿತು ಅಂತ ನೀವು ಕೇಳುವುದಿಲ್ಲ. ಇಲ್ಲಿ ಬರುವ ನೀರು, ಹೋಗುವ ನೀರು, ಕರೆಂಟು, ಗ್ಯಾಸು ಎಲ್ಲದರ ಲೆಕ್ಕ ನಿಮ್ಮದೇ. ಆ ಲೆಕ್ಕ ಸರಿಹೋಗುವುದು ರಾತ್ರಿ ಗಾಡಿ ನಿಲ್ಲುವ ಜಾಗದಲ್ಲಿ. ಅದಕ್ಕೇ ಯೋಜನೆಯನ್ನು ಸಂಜೆಯಿಂದ ಶುರು ಮಾಡಿ, ಹಗಲಿನ ಕಡೆಗೆ ಹಿಂದಕ್ಕೆ ಬನ್ನಿ. ಮೊದಲು ನಾಲ್ಕು ದಿನದ ವಸ್ತಿ ಗೊತ್ತು ಮಾಡಿ. ನೋಡುವ ಜಾಗಗಳನ್ನು ಆಮೇಲೆ ಮಧ್ಯದಲ್ಲಿ ತುಂಬಿದರಾಯಿತು.

ಹೊಸದೇನೂ ಅಲ್ಲ ಇದು. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಎತ್ತಿನ ಬಂಡಿ ಕಟ್ಟಿಕೊಂಡು ಹೋಗುವವರು ಮಾಡುತ್ತಿದ್ದದ್ದು ಇದೇ ಅಲ್ವಾ? ಯಾವ ಹಳ್ಳದ ಹತ್ತಿರ ಎತ್ತಿನ ಕೊಳ್ಳು ಬಿಚ್ಚಿ ನಿಲ್ಲಬೇಕು, ಎತ್ತಿಗೆ ನೀರು ಎಲ್ಲಿ ಸಿಗುತ್ತದೆ ಅನ್ನುವುದರ ಮೇಲೆ ದಾರಿ ನಿಲ್ಲುತ್ತಿತ್ತು. ಇಂಗ್ಲೆಂಡಿನವರ ಕಥೆಯೂ ಕುದುರೆಯಿಂದಲೇ ಶುರು. 1885ರಲ್ಲಿ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಅನ್ನುವ ನಿವೃತ್ತ ನೌಕಾ ವೈದ್ಯರು 'ವಾಂಡರರ್' ಅನ್ನುವ ಗಾಡಿ ಮಾಡಿಸಿಕೊಂಡು, ಕುದುರೆ ಕಟ್ಟಿಸಿ, ಬರೀ ಖುಷಿಗೆ ಅಂತ ಊರೂರು ತಿರುಗಿದರು. ಅಲ್ಲಿಯ ಟೂರಿಂಗ್ ಕ್ಯಾರವಾನ್ ಹವ್ಯಾಸದ ಮೊದಲ ಗಾಡಿ ಅಂತ ಇದನ್ನೇ ಹೇಳುತ್ತಾರೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಕ್ಯಾರವಾನ್‌ನಲ್ಲಿ ಎರಡು ಜಾತಿ. ಒಂದು, ಎಂಜಿನ್ ಸಮೇತ ಇರುವ ಮನೆಗಾಡಿ. ಟೆಂಪೋ ಟ್ರಾವೆಲರ್‌ನಂಥ ಗಾಡಿಯ ಒಳಗೆ ಮಂಚ, ಅಡಿಗೆ ಕಟ್ಟೆ, ಪಾಯಿಖಾನೆ ಕೂಡಿಸಿರುತ್ತಾರೆ. ನಮ್ಮಲ್ಲಿ ಬಾಡಿಗೆಗೆ ಸಿಗುವುದು ಹೆಚ್ಚಾಗಿ ಇದೇ. ಇನ್ನೊಂದು, ಎಂಜಿನ್ ಇಲ್ಲದ್ದು, ಕಾರಿನ ಹಿಂದೆ ಕಟ್ಟಿಕೊಂಡು ಎಳೆಯುವಂಥದ್ದು. ಟೂರಿಂಗ್ ಕ್ಯಾರವಾನ್ ಅಂತ ಬ್ರಿಟನ್ನಿನಲ್ಲಿ ಅನ್ನುವುದು ಇದಕ್ಕೆ. ನನ್ನ ಅಕ್ಕನ ಮಗ ಅಲ್ಲೇ ಕೆಲಸಕ್ಕಿದ್ದಾನೆ, ಅವನೂ ಹೋದ ವರ್ಷವೇ ಇಂಥದ್ದೊಂದು ಬಾಡಿಗೆ ಹಿಡಿದ. "ಮಾಮಾ, ಇದನ್ನ ಹಿಂದಕ್ಕ ತಗೊಳ್ಳೋದು ಹೆಂಗ?" ಅಂತ ಫೋನು. ನಾನೇನೋ ದೊಡ್ಡ ಡ್ರೈವರ್ ಅಲ್ಲ. ಆದರೆ ಕಬ್ಬಿನ ಸೀಮೆಯಲ್ಲಿ ಬೆಳೆದವನಿಗೆ ಟ್ರೇಲರ್ ಪಾಠ ಯಾರೂ ಹೇಳಿಕೊಡಬೇಕಿಲ್ಲ.

ಟ್ರ್ಯಾಕ್ಟರ್ ಟ್ರೇಲರನ್ನು ರಿವರ್ಸ್ ತೆಗೆಯುವುದನ್ನು ನೋಡಿದ್ದೀರಲ್ಲ. ಟ್ರೇಲರಿನ ಹಿಂಭಾಗ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಬಲಕ್ಕೆ. ಸ್ವಲ್ಪ ತಿರುಗಿಸಿ, ನಿಂತು, ನೋಡಿ, ಮತ್ತೆ ಸ್ವಲ್ಪ. ಅವಸರ ಮಾಡಿದರೆ ಎರಡೂ ಕತ್ತರಿಯಂತೆ ಮಡಚಿಕೊಳ್ಳುತ್ತವೆ. ಭಾರದ ಲೆಕ್ಕವೂ ಅಷ್ಟೇ. ಹಿಂದೆ ಜಾಸ್ತಿ ಹೇರಿದ ಟ್ರೇಲರ್ ರಸ್ತೆ ಮೇಲೆ ಬಾಲ ಅಲ್ಲಾಡಿಸುತ್ತದೆ, ಕ್ಯಾರವಾನ್ ಇನ್ನೂ ಜಾಸ್ತಿ ಅಲ್ಲಾಡಿಸುತ್ತದೆ, ಯಾಕಂದರೆ ಓಟ ಜಾಸ್ತಿ, ಮೈ ಎತ್ತರ, ಗಾಳಿಯೂ ತಳ್ಳುತ್ತದೆ. ಭಾರದ ಸಾಮಾನು ಕೆಳಗೆ, ಅಚ್ಚಿನ ಮೇಲೆ ಇಡಬೇಕು. ಕಾರಿಗೆ ಕಟ್ಟುವ ಕೊಂಡಿಯ ಮೇಲೆ ಕ್ಯಾರವಾನಿನ ಒಟ್ಟು ತೂಕದ ಶೇ. 5ರಿಂದ 7ರಷ್ಟು ಕೂರಬೇಕು ಅಂತ ಅಲ್ಲಿಯವರ ರೂಢಿ, ಆದರೆ ಕಾರು ಮತ್ತು ಕೊಂಡಿಗೆ ಕೊಟ್ಟ ಮಿತಿ ದಾಟಬಾರದು. ಹೊಸಬರಿಗೆ ಇನ್ನೊಂದು ರೂಢಿ: ತುಂಬಿದ ಕ್ಯಾರವಾನ್ ತೂಕ ಕಾರಿನ ತೂಕದ ಶೇ. 85 ದಾಟಬಾರದು. ಕಾರು 1,500 ಕೆಜಿ ಇದ್ದರೆ ಕ್ಯಾರವಾನ್ 1,275 ಕೆಜಿ ಒಳಗೆ, ಕೊಂಡಿಯ ಮೇಲೆ ಸುಮಾರು 64ರಿಂದ 89 ಕೆಜಿ. ಬಾಲ ಅಲ್ಲಾಡಲು ಶುರುವಾದರೆ ಬ್ರೇಕ್ ಒದೆಯಬಾರದು, ಸ್ಟೇರಿಂಗ್ ನೆಟ್ಟಗೆ ಹಿಡಿದು ಎಕ್ಸಲೇಟರ್‌ನಿಂದ ಮೆಲ್ಲಗೆ ಕಾಲು ತೆಗೆಯಬೇಕು. ಅಲ್ಲಿ ಕ್ಯಾರವಾನ್ ಎಳೆಯುವ ಕಾರಿಗೆ ನಡುವೆ ವಿಭಜಕ ಇಲ್ಲದ ಸಾಮಾನ್ಯ ರಸ್ತೆಯಲ್ಲಿ ಗಂಟೆಗೆ 50 ಮೈಲಿ, ಮೋಟರ್‌ವೇಯಲ್ಲಿ 60 ಮೈಲಿ ಮಿತಿ. ಹುಡುಗ ಖಾಲಿ ಮೈದಾನದಲ್ಲಿ ಅರ್ಧ ದಿನ ರಿವರ್ಸ್ ಕಲಿತು, ಆಮೇಲೆ ಹೊರಟ. ಅವನ ಮಾತು ಅಲ್ಲಿಗೆ ಬಿಡೋಣ.

ನಮ್ಮ ಕಡೆಗೆ ಬರೋಣ. ಬಾಡಿಗೆ ಗಾಡಿ ಹೆಚ್ಚಾಗಿ ಬೆಂಗಳೂರಿನಂಥ ದೊಡ್ಡ ಊರಿನಿಂದಲೇ ಬರಬೇಕು. ಬೆಂಗಳೂರಿನಿಂದ ಬಾಗಲಕೋಟೆ ಅಂದರೆ 450 ಕಿಮೀ ಮೇಲೇ ಆಯಿತು. ಬರುವ ಕಿಲೋಮೀಟರಿಗೂ, ಖಾಲಿ ಹೋಗುವ ಕಿಲೋಮೀಟರಿಗೂ ದುಡ್ಡು ನಿಮ್ಮದಾ ಅಂತ ಮೊದಲೇ ಕೇಳಿ. ದಿನಕ್ಕೆ ಎಷ್ಟು ಕಿಮೀ ಸೇರಿದೆ, ಡಿಪಾಸಿಟ್ ಎಷ್ಟು, ಜನರೇಟರ್ ಓಡಿಸಿದರೆ ಬೇರೆ ಚಾರ್ಜಾ, ಡ್ರೈವರ್ ಭತ್ಯೆ ಎಷ್ಟು, ಎಲ್ಲ ಬರಹದಲ್ಲಿ ಇರಲಿ. ಡ್ರೈವರ್ ಎಲ್ಲಿ ಮಲಗುತ್ತಾರೆ ಅನ್ನುವುದನ್ನು ಹಲವರು ಕೇಳುವುದೇ ಇಲ್ಲ. ಹಗಲೆಲ್ಲ ಗಾಡಿ ಹೊಡೆದವರು ರಾತ್ರಿ ಸೀಟಿನ ಮೇಲೆ ಮುದುಡಿಕೊಂಡು ಮಲಗಿದರೆ ಮರುದಿನ ಅವರ ಕಣ್ಣಿಗೆ ನಿದ್ದೆ ಹತ್ತುತ್ತದೆ, ಆಗ ತೊಂದರೆ ಎಲ್ಲರಿಗೂ. ಅವರಿಗೊಂದು ಕೋಣೆ ಅಥವಾ ಮಂಚ ಲೆಕ್ಕದಲ್ಲಿ ಹಿಡಿಯಿರಿ.

ನಂಬರ್ ಪ್ಲೇಟ್ ನೋಡಿ. ಬಿಳಿ ಬೋರ್ಡು ಸ್ವಂತ ಬಳಕೆಯ ಗಾಡಿ, ಹಳದಿ ಬೋರ್ಡಿನ ಮೇಲೆ ಕಪ್ಪು ಅಕ್ಷರ ಬಾಡಿಗೆ ಗಾಡಿ, ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರ ಬಾಡಿಗೆಗೆ ತಂದು ನೀವೇ ಓಡಿಸುವ ಗಾಡಿ. ಸ್ವಲ್ಪ ಕಡಿಮೆ ರೇಟು ಅಂತ ಯಾರದೋ ಬಿಳಿ ಬೋರ್ಡಿನ ಗಾಡಿ ತಂದರೆ, ಅಪಘಾತವಾದಾಗ ವಿಮೆಯವರು ಕೈ ಎತ್ತಬಹುದು. ನೀವೇ ಓಡಿಸುವುದಾದರೆ ಲೈಸೆನ್ಸ್ ವಿಚಾರ. 7,500 ಕೆಜಿ ಒಳಗಿನ ಒಟ್ಟು ತೂಕದ ಗಾಡಿಗೆ ಎಲ್‌ಎಂವಿ, ಅಂದರೆ ಹಗುರ ಮೋಟಾರು ವಾಹನದ ಲೈಸೆನ್ಸ್ ಸಾಕು, ಅದು ಬಾಡಿಗೆ ಗಾಡಿಯಾದರೂ ಸರಿ ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾಗದದ ಮಾತು ಅದು. ಕೈಗೆ ರೂಢಿ ಇಲ್ಲದಿದ್ದರೆ ಮೊದಲ ಸಲ ಡ್ರೈವರ್ ಇರಲಿ. ಬೆಳಗಾವಿಯವರಿಗೆ ಗೋವಾ ಪಕ್ಕದಲ್ಲೇ ಕಾಣುತ್ತದೆ, ಚೋರ್ಲಾ ಘಾಟ್ ಇಳಿದುಬಿಡೋಣ ಅನ್ನಿಸುತ್ತದೆ. ಮೊದಲ ಪ್ರವಾಸಕ್ಕೆ ಎತ್ತರದ ಗಾಡಿಯಲ್ಲಿ ಘಾಟು ಬೇಡ ಅನ್ನುತ್ತೇನೆ ನಾನು. ಬಾಡಿಗೆ ಗಾಡಿ ರಾಜ್ಯ ದಾಟಬೇಕಾದರೆ ಪರ್ಮಿಟ್ಟಿನ ಪ್ರಶ್ನೆ ಬೇರೆ ಇದೆ.

ಇನ್ನು ತೂಕ. ಆರ್‌ಸಿ ಪುಸ್ತಕದಲ್ಲೋ ಕಾರ್ಡಿನಲ್ಲೋ ಎರಡು ಅಂಕಿ ಇರುತ್ತವೆ, ಖಾಲಿ ಗಾಡಿ ತೂಕ ಮತ್ತು ತುಂಬಿದಾಗ ಇರಬಹುದಾದ ಗರಿಷ್ಠ ತೂಕ. ಎರಡರ ನಡುವಿನ ವ್ಯತ್ಯಾಸದಲ್ಲಿ ನೀವು, ಮಕ್ಕಳು, ನೀರು, ಗ್ಯಾಸು, ಹಾಸಿಗೆ, ಅವ್ವ ಕಟ್ಟಿಕೊಟ್ಟ ಡಬ್ಬಿ ಎಲ್ಲ ಬರಬೇಕು. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ, ಹಾಗಾಗಿ 100 ಲೀಟರ್ ಟ್ಯಾಂಕ್ ತುಂಬಿದರೆ ಒಂದು ಜೋಳದ ಚೀಲ ಹೇರಿದ ಹಾಗೆ. ಅನುಮಾನ ಬಂದರೆ ನಮ್ಮ ಕಡೆ ತೂಕದ ಕಾಟಾಕ್ಕೇನೂ ಬರ ಇಲ್ಲ, ಸಕ್ಕರೆ ಫ್ಯಾಕ್ಟರಿ ಇರುವ ಕಡೆಯೆಲ್ಲ ರಸ್ತೆ ಪಕ್ಕ ಒಂದಾದರೂ ಕಾಟಾ ಇರುತ್ತದೆ. ಹತ್ತು ನಿಮಿಷದ ಕೆಲಸ. ಹಾಗೇ ಟೈರಿನ ಪಕ್ಕ ನಾಲ್ಕು ಅಂಕಿ ನೋಡಿ. 2319 ಅಂತ ಇದ್ದರೆ 2019ರ 23ನೇ ವಾರದಲ್ಲಿ ಆದ ಟೈರು. ಗಟ್ಟಿ ಕಂಡರೂ ವಯಸ್ಸಾದ ಟೈರನ್ನು ವಿಜಯಪುರದ ಬಿಸಿಲಿನಲ್ಲಿ, ಭಾರ ಹೊತ್ತು ಓಡಿಸುವುದು ಬೇಡ.

ನೀರಿನದು ನಾವು ಪೆಟ್ಟು ತಿಂದು ಕಲಿತ ಪಾಠ. ನಾಲ್ಕು ಜನಕ್ಕೆ ಕುಡಿಯಲು 12 ಲೀಟರ್, ಅಡಿಗೆ ಪಾತ್ರೆಗೆ 15, ಮುಖ ತೊಳೆಯಲು, ಪಾಯಿಖಾನೆಗೆ ಇನ್ನೊಂದು 20, ಒಟ್ಟು ಸುಮಾರು 50 ಲೀಟರ್. ಇದು ಜಳಕ ಬಿಟ್ಟು. ನಮ್ಮ ಮಕ್ಕಳು ಗಾಡಿಯೊಳಗೆ ಶವರ್ ಇದೆ ಅಂತ ಖುಷಿಯಿಂದ ಹತ್ತು ಹತ್ತು ನಿಮಿಷ ನಿಂತರು. ಸಂಜೆ ಹೊತ್ತಿಗೆ ಟ್ಯಾಂಕು ಗುರ್ ಅಂತು. ಅದಕ್ಕೇ ಹೇಳುತ್ತೇನೆ, ಗಾಡಿಯ ಶವರ್ ತುರ್ತಿಗೆ ಮಾತ್ರ. ಜಳಕ ವಸ್ತಿ ಮಾಡುವ ಕಡೆ, ಯಾತ್ರಿ ನಿವಾಸದ ಬಚ್ಚಲಲ್ಲೋ, ಪರಿಚಯದವರ ಹೊಲದ ಪಂಪ್‌ಸೆಟ್ ಕೆಳಗೋ. ಪಂಪ್‌ಸೆಟ್ ಜಳಕದ ಮುಂದೆ ಶವರ್ ಏನು ಮಹಾ! ಕುಡಿಯುವ ನೀರು ಬೇರೆ ಕ್ಯಾನಿನಲ್ಲಿ ಇರಲಿ, ಟ್ಯಾಂಕಿಗೆ ಬೋರ್ ನೀರು ಆದರೂ ನಡೆಯುತ್ತದೆ.

ಬಳಸಿದ ನೀರು ಎರಡು ಥರ. ಪಾತ್ರೆ, ಮುಖ ತೊಳೆದ ನೀರು ಒಂದು ಟ್ಯಾಂಕಿಗೆ ಹೋಗುತ್ತದೆ. ಪಾಯಿಖಾನೆಯದು ಬೇರೆ. ಹಲವು ಗಾಡಿಗಳಲ್ಲಿ ಕೆಳಗೆ ಸೂಟ್‌ಕೇಸಿನಂಥ ಡಬ್ಬಿ ಇರುತ್ತದೆ, ಕ್ಯಾಸೆಟ್ ಅನ್ನುತ್ತಾರೆ, ಹೆಚ್ಚುಕಡಿಮೆ 15ರಿಂದ 20 ಲೀಟರ್ ಹಿಡಿಯುತ್ತದೆ. ಗಾಡಿಯ ಹೊರಗಿನ ಬಾಗಿಲು ತೆಗೆದು ಎಳೆದುಕೊಂಡು ಹೋಗಿ ಪಾಯಿಖಾನೆಯ ಗುಂಡಿಗೆ ಸುರಿಯಬೇಕು. ನಾಲ್ಕು ಜನ ಬಳಸಿದರೆ ಒಂದು ದಿನಕ್ಕೆ, ಬಹಳ ಆದರೆ ಎರಡು ದಿನಕ್ಕೆ ತುಂಬುತ್ತದೆ. ಈ ಕೆಲಸ ಯಾರದು ಅನ್ನುವುದನ್ನು ಮನೆಯಲ್ಲೇ ತೀರ್ಮಾನ ಮಾಡಿ ಹೊರಡಿ. ನಮ್ಮಲ್ಲಿ ಸುಮ್ನೆ ನನ್ನ ಮೇಲೆ ಬಂತು. ಹಳ್ಳಕ್ಕೋ ಕೆರೆಗೋ ಸುರಿಯುವ ಮಾತೇ ಇಲ್ಲ. ಕೃಷ್ಣೆ, ಮಲಪ್ರಭೆ ಕೂಡುವ ಕೂಡಲಸಂಗಮದಲ್ಲಿ ನಿಂತು, ಅದೇ ನೀರಲ್ಲಿ ಜನ ಮುಳುಗು ಹಾಕುವಾಗ, ಪಾತ್ರೆ ತೊಳೆದ ಸೋಪಿನ ನೀರನ್ನೂ ಬಿಡಲು ಮನಸ್ಸು ಬರುವುದಿಲ್ಲ.

ಕರೆಂಟಿನ ಲೆಕ್ಕ ಬಹಳ ಜನಕ್ಕೆ ತಲೆಗೆ ಹತ್ತುವುದಿಲ್ಲ, ಆದರೆ ಗುಣಾಕಾರ ಬಂದರೆ ಸಾಕು. ಗಾಡಿಯಲ್ಲಿ ಮಲಗುವ ಭಾಗಕ್ಕೆ ಬೇರೆ ಬ್ಯಾಟರಿ ಇರುತ್ತದೆ. 12 ವೋಲ್ಟ್, 100 ಆಂಪಿಯರ್ ಅವರ್ ಅಂದರೆ 1,200 ವ್ಯಾಟ್ ಅವರ್. ಹಳೇ ಥರದ ಸೀಸದ ಬ್ಯಾಟರಿಯಾದರೆ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಹಾಳಾಗುತ್ತದೆ, ಹಾಗಾಗಿ ನಿಮ್ಮ ಕೈಗೆ ಸಿಗುವುದು 600. ಇಪ್ಪತ್ತು ವ್ಯಾಟಿನ ಎರಡು ಫ್ಯಾನು ಎಂಟು ತಾಸು ತಿರುಗಿದರೆ 320 ಹೋಯಿತು. ದೀಪಕ್ಕೆ 80, ನಾಲ್ಕು ಮೊಬೈಲಿಗೆ 60. ಒಟ್ಟು 460, ರಾತ್ರಿ ಕಳೆಯಿತು. ಈಗ ಒಂದು ಟನ್ ಎಸಿ ಹಾಕಿ ನೋಡಿ, ಅದು ಸಾವಿರ ವ್ಯಾಟಿನ ಮೇಲೆ ಎಳೆಯುತ್ತದೆ, ಅರ್ಧ ತಾಸಿಗೆ ಬ್ಯಾಟರಿ ಮಲಗುತ್ತದೆ. ಎಸಿ ಬೇಕಾದರೆ ಹೊರಗಿನಿಂದ ವೈರ್ ಎಳೆಯಬೇಕು, ಇಲ್ಲ ಜನರೇಟರ್. ಜನರೇಟರಿನ ಸದ್ದಿಗೆ ಪಕ್ಕದವರು ಬೈಯುತ್ತಾರೆ, ಅದು ಹೋಗಲಿ. ಅದರ ಹೊಗೆ ಕಿಟಕಿಯೊಳಗೆ ಬಂದರೆ ಜೀವಕ್ಕೇ ಅಪಾಯ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ವೈರ್ ಎಳೆಯುವುದಾದರೆ 16 ಆಂಪಿಯರಿನ ದೊಡ್ಡ ಸಾಕೆಟ್ ಕೇಳಿ, ಅದು 3,600 ವ್ಯಾಟ್ ತನಕ ತಡೆಯುತ್ತದೆ. ಮನೆಯ ಸಣ್ಣ 6 ಆಂಪಿಯರ್ ಸಾಕೆಟ್ ಸುಮಾರು 1,380ಕ್ಕೇ ಮುಗಿಯಿತು, ಫ್ಯಾನು, ಚಾರ್ಜರ್ ಸರಿ, ಇಂಡಕ್ಷನ್ ಒಲೆ ಆಗದು. ಸುರುಳಿ ಸುತ್ತಿದ ವೈರನ್ನು ಪೂರ್ತಿ ಬಿಚ್ಚಿ ಹಾಕಿ. ಸುತ್ತಿದ ಹಾಗೇ ಬಿಟ್ಟು ಭಾರ ಎಳೆದರೆ ಒಳಗೊಳಗೇ ಕಾದು ಕರಗುತ್ತದೆ. ಯಾರ ಸಾಕೆಟ್ಟೋ ಅವರಿಗೆ ಕೇಳದೆಯೇ ದುಡ್ಡು ಕೊಡುವುದು ಒಳ್ಳೆಯದು.

ಗ್ಯಾಸಿನ ಬಗ್ಗೆ ಎರಡೇ ಮಾತು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ನಿಲ್ಲುತ್ತದೆ, ಅದಕ್ಕೆ ಗಾಡಿಯ ತಳದಲ್ಲಿ ಕಿಂಡಿ ಇರಬೇಕು, ಆ ಕಿಂಡಿಗೆ ಚಪ್ಪಲಿ, ಚೀಲ ಒತ್ತಿ ಇಡಬಾರದು. ಗಾಡಿ ಹೊರಡುವ ಮುಂಚೆ ಸಿಲಿಂಡರ್ ಬಂದ್.

ಊಟಕ್ಕೆ ಫ್ರಿಜ್ ಮೇಲೆ ಜೀವ ಇಟ್ಟುಕೊಳ್ಳಬೇಡಿ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಒಂದು ವಾರ ಕೆಡುವುದಿಲ್ಲ. ಮೊಸರು ದಾರಿಯಲ್ಲಿ ಕೊಲ್ಹಾರದಲ್ಲಿ ಸಿಗುತ್ತದೆ. ಬಾದಾಮಿ ಬನಶಂಕರಿ ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕೂತ ಅಕ್ಕಂದಿರು ರೊಟ್ಟಿ, ಪಲ್ಯ, ಕುಡಿಕೆ ಮೊಸರು ಕೊಡುತ್ತಾರೆ. ಅಲ್ಲಿ ಒಲೆ ಹಚ್ಚುವವನು ದಡ್ಡ.

ಈಗ ಮತ್ತೆ ವಸ್ತಿಗೆ. ಹೊರದೇಶದಲ್ಲಿ ಇರುವ ಹಾಗೆ ನಲ್ಲಿ, ಸಾಕೆಟ್, ಕ್ಯಾಸೆಟ್ ಸುರಿಯುವ ಗುಂಡಿ ಮೂರೂ ಇರುವ ಕ್ಯಾರವಾನ್ ಮೈದಾನ ನಮ್ಮ ಕಡೆಯ ದಾರಿಯಲ್ಲಿ ಸಿಗುತ್ತದೆ ಅಂತ ನಂಬಿ ಹೊರಡಬೇಡಿ. ಒಂದೊಂದು ಊರಿನಲ್ಲಿ ಒಂದೊಂದು ಜಾಗ ಫೋನ್ ಮಾಡಿ ಗೊತ್ತು ಮಾಡಬೇಕು. ದೊಡ್ಡ ಅಂಗಳ ಇರುವ ಲಾಡ್ಜು ಅಥವಾ ಹೋಟೆಲಿನಲ್ಲಿ ಒಂದೇ ಕೋಣೆ ತೆಗೆದುಕೊಂಡು, ಗಾಡಿ ಒಳಗೆ ನಿಲ್ಲಿಸಲು ಕೇಳುವುದು ಎಲ್ಲಕ್ಕಿಂತ ಸಲೀಸು. ಡ್ರೈವರಿಗೆ ಮಂಚ, ಎಲ್ಲರಿಗೂ ಜಳಕ, ಕ್ಯಾಸೆಟ್‌ಗೆ ಪಾಯಿಖಾನೆ, ಎಲ್ಲ ಒಂದೇ ಕೋಣೆಯಲ್ಲಿ ಮುಗಿಯಿತು. ಕ್ಯಾರವಾನ್ ಇದ್ದೂ ಕೋಣೆ ಯಾಕೆ ಅಂತ ನನ್ನ ಹೆಂಡತಿ ನಕ್ಕಳು. ಎರಡನೇ ದಿನ ನಗಲಿಲ್ಲ. ಹೆದ್ದಾರಿಯ ದೊಡ್ಡ ಪೆಟ್ರೋಲ್ ಬಂಕು, ಲಾರಿಗಳು ನಿಲ್ಲುವ ಧಾಬಾ ಕೂಡ ನಡೆಯುತ್ತವೆ, ಮಾಲೀಕರನ್ನು ಕೇಳಿ, ಅಲ್ಲೇ ಊಟ ಮಾಡಿ. ಪಟ್ಟದಕಲ್ಲು, ಐಹೊಳೆಯಂಥ ಸ್ಮಾರಕಗಳ ಪಾರ್ಕಿಂಗಿನಲ್ಲಿ ರಾತ್ರಿ ಕಳೆಯುವ ಯೋಚನೆ ಬೇಡ, ಕಾಡಿನ ಜಾಗದಲ್ಲಿ ಅನುಮತಿ ಇಲ್ಲದೆ ಬೇಡವೇ ಬೇಡ.

ನೆಲ ನೋಡಿ ನಿಲ್ಲಿಸಿ. ಗಟ್ಟಿ ನೆಲ, ಮುರುಮ್ ಹಾಕಿದ್ದು, ಇಲ್ಲ ಕಾಂಕ್ರೀಟ್. ನಾವು ಮೊದಲ ಸಂಜೆ "ಎಲ್ಲಿ ಬೇಕಾದರೂ ಮಲಗಬಹುದು" ಅಂತ ಹುನಗುಂದದ ಆಚೆ ಒಂದು ಬೇವಿನ ಮರದ ಕೆಳಗೆ ರಸ್ತೆ ಬಿಟ್ಟು ಇಳಿಸಿದೆವು. ಮೇಲೆ ಒಣಗಿದ ಹಾಗೆ ಕಂಡ ಎರಿ ನೆಲ, ಅಂದರೆ ಕಪ್ಪು ಮಣ್ಣು. ಎರಡು ದಿನದ ಹಿಂದೆ ಬಿದ್ದ ಮಳೆ ಒಳಗೆ ಇನ್ನೂ ಇತ್ತು. ಎರಿ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬೆಣ್ಣೆಯಂತೆ ಆಗುತ್ತದೆ, ಮೂರು ಟನ್ ಮೀರಿದ ಗಾಡಿಯ ಹಿಂದಿನ ಗಾಲಿ ಅಚ್ಚಿನ ತನಕ ಇಳಿಯಿತು. ಒಳಗೆ ನೀರಿಲ್ಲ, ಹೊರಗೆ ಕತ್ತಲು. ಕೊನೆಗೆ ಪಕ್ಕದ ಹೊಲದವರು ಟ್ರ್ಯಾಕ್ಟರ್ ತಂದು ಎಳೆದರು, "ಕಾಕಾ, ರಾತ್ರಿ ಇಲ್ಲಿ ಯಾಕ ನಿಲ್ಲಿಸಿದ್ರಿ, ನಮ್ಮ ಕಣದಾಗ ನಿಲ್ಲಿಸಬೇಕಿತ್ತಲ್ಲ" ಅಂದ ಟ್ರ್ಯಾಕ್ಟರ್ ತಂದ ಹುಡುಗ. ಕೇಳಿದ್ದರೆ ಕೊಡುತ್ತಿದ್ದರು. ನಾವು ಕೇಳಿರಲಿಲ್ಲ, ಅಷ್ಟೇ.

ಗಾಡಿ ಸಮ ನಿಲ್ಲಬೇಕು. ಇಲ್ಲದಿದ್ದರೆ ರಾತ್ರಿಯೆಲ್ಲ ಒಬ್ಬರ ಮೇಲೆ ಒಬ್ಬರು ಉರುಳುತ್ತೀರಿ. ಊರಿನ ಬಡಿಗೇರರ ಹತ್ತಿರ ಜಾಲಿ ಕಟ್ಟಿಗೆಯ ಎರಡು ಬೆಣೆ ಮಾಡಿಸಿಕೊಳ್ಳಿ, ತಗ್ಗಿನ ಕಡೆಯ ಗಾಲಿ ಅದರ ಮೇಲೆ ಏರಿಸಿ. ಅಡಿಗೆ ಕಟ್ಟೆಯ ಮೇಲೆ ಗ್ಲಾಸಿನಲ್ಲಿ ನೀರಿಟ್ಟರೆ ವಾಟ ಗೊತ್ತಾಗುತ್ತದೆ.

ದಿನದ ಓಟ ಕಡಿಮೆ ಇರಲಿ. ನಾವು ಹೋದದ್ದು ಬಾಗಲಕೋಟೆಯಿಂದ ಕೂಡಲಸಂಗಮ, ಅಲ್ಲಿಂದ ಐಹೊಳೆ, ಪಟ್ಟದಕಲ್ಲು, ಬಾದಾಮಿ, ಆಮೇಲೆ ಕೆರೂರಿಗೆ ಬಂದು 52ನೇ ಹೆದ್ದಾರಿ ಹಿಡಿದು ಕೊಲ್ಹಾರದ ಮೇಲೆ ವಿಜಯಪುರ, ವಾಪಸ್. ಎಲ್ಲ ಸೇರಿ 400 ಕಿಮೀ ಒಳಗೆ, ನಾಲ್ಕು ದಿನ. ಬಾದಾಮಿಯಿಂದ ವಿಜಯಪುರ ಸುಮಾರು 120 ಕಿಮೀ, ಕಾರಿನಲ್ಲಿ ಎರಡು ತಾಸು ಅನ್ನುವ ದಾರಿಗೆ ಇದರಲ್ಲಿ ಮೂರೂವರೆ ತಾಸು ಹಿಡಿಯಿರಿ. ಮಧ್ಯಾಹ್ನ ನಾಲ್ಕಕ್ಕೆ ವಸ್ತಿ ಮುಟ್ಟಬೇಕು, ಬೆಳಕಿದ್ದಾಗಲೇ ಜಾಗ ನೋಡಬೇಕು. ಗೋಳಗುಮ್ಮಟಕ್ಕೆ ಬೆಳಿಗ್ಗೆ ಬೇಗ ಹೋಗಿ, ಶಾಲೆ ಮಕ್ಕಳ ಟ್ರಿಪ್ಪು ಬಂದ ಮೇಲೆ ಆ ಪಿಸುಗುಟ್ಟುವ ಗ್ಯಾಲರಿಯಲ್ಲಿ ಬರೀ ಕೂಗಾಟ. ಗೋಕಾಕ ಜಲಪಾತ ಮಳೆಗಾಲದಲ್ಲೇ ಚಂದ, ಆದರೆ ಕ್ಯಾರವಾನ್‌ಗೆ ನವೆಂಬರ್‌ನಿಂದ ಫೆಬ್ರವರಿ ಚಂದ, ಎರಡೂ ಒಟ್ಟಿಗೆ ಸಿಗುವುದಿಲ್ಲ.

ಆ ತಿಂಗಳುಗಳಲ್ಲಿ ಕಬ್ಬು ನುರಿಯುವ ಹಂಗಾಮು ಅನ್ನುವುದು ಮರೆಯಬೇಡಿ. ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಿಂದೆ ದೀಪವಿಲ್ಲದೆ, ರಸ್ತೆಯ ಅರ್ಧ ಹಿಡಿದು ಹೋಗುವ ಟ್ರ್ಯಾಕ್ಟರ್ ಕತ್ತಲಲ್ಲಿ ಹತ್ತಿರ ಬರುವ ತನಕ ಕಾಣುವುದೇ ಇಲ್ಲ. ರಾತ್ರಿ ಓಡಿಸಬೇಡಿ ಅನ್ನಲು ಇಷ್ಟು ಸಾಕು. ಗಾಡಿಯ ಎತ್ತರ ಎಷ್ಟು ಅಂತ ಚೀಟಿ ಬರೆದು ಸ್ಟೇರಿಂಗ್ ಮುಂದೆ ಅಂಟಿಸಿ, ರೈಲ್ವೆ ಕೆಳಸೇತುವೆ, ಹಳ್ಳಿಯೊಳಗಿನ ಜೋತುಬಿದ್ದ ವೈರು, ಹುಣಸೆ ಟೊಂಗೆ ಎಲ್ಲಕ್ಕೂ ಬೇಕಾಗುತ್ತದೆ. ಬಾದಾಮಿಯ ಒಳಗಿನ ಓಣಿಗಳಿಗೆ ಗಾಡಿ ನುಗ್ಗಿಸಬೇಡಿ, ಹೊರಗೆ ನಿಲ್ಲಿಸಿ ಆಟೋ ಹಿಡಿಯಿರಿ. ಓಡುವಾಗ ಯಾರೂ ಮಂಚದ ಮೇಲೆ ಮಲಗಬಾರದು, ಬೆಲ್ಟ್ ಇರುವ ಸೀಟಿನಲ್ಲೇ ಕೂರಬೇಕು. ಕಪಾಟುಗಳ ಚಿಲಕ ಹಾಕಿ. ಅಮೀನಗಡದ ಹತ್ತಿರ ಒಂದು ಹಂಪ್ ಹಾರಿದಾಗ ನಮ್ಮ ಹಿಂಡಿ ಡಬ್ಬಿ ಬಾಯಿ ತೆರೆದು ಗಾಡಿಯೆಲ್ಲ ಕೆಂಪಾಯಿತು, ಸೀನಿ ಸೀನಿ ಸಾಕಾಯಿತು.

ತರುವಾಗ ಗಾಡಿಯ ಸುತ್ತ ವಿಡಿಯೋ ಮಾಡಿ, ಗೀರು, ಕಿಲೋಮೀಟರ್ ಮೀಟರು, ಡೀಸೆಲ್ ಮುಳ್ಳು ಎಲ್ಲ ಕಾಣುವ ಹಾಗೆ. ವಾಪಸ್ ಕೊಡುವಾಗ ಮತ್ತೊಮ್ಮೆ. ಎರಡೂ ಟ್ಯಾಂಕು, ಕ್ಯಾಸೆಟ್ ಖಾಲಿ ಮಾಡಿ ತೊಳೆದು ಕೊಡಿ, ಇಲ್ಲದಿದ್ದರೆ ಡಿಪಾಸಿಟ್‌ನಲ್ಲಿ ಹಿಡಿಯುತ್ತಾರೆ. ಪ್ರತಿ ವಸ್ತಿಯಿಂದ ಹೊರಡುವಾಗ ಒಬ್ಬರು ಕೆಳಗಿಳಿದು ಗಾಡಿಯನ್ನು ಒಂದು ಸುತ್ತು ಹಾಕಬೇಕು. ವೈರ್ ಬಿಚ್ಚಿತಾ, ಮೆಟ್ಟಿಲು ಮಡಚಿತಾ, ಕಿಟಕಿ ಹಾಕಿತಾ, ಬೆಣೆ ತೆಗೆದುಕೊಂಡಿರಾ. ನಮ್ಮ ಜಾಲಿ ಬೆಣೆ ಎರಡೂ ಕೆರೂರಿನ ಆಚೆ, ಚಹಾಕ್ಕೆ ಅಂತ ವಾಟದಲ್ಲಿ ನಿಲ್ಲಿಸಿದ ಧಾಬಾದ ಅಂಗಳದಲ್ಲೇ ಉಳಿದವು. ಯಾರಾದರೂ ಆ ಕಡೆ ಹೋದರೆ ನೋಡಿ, ಒಂದರ ಮೇಲೆ ಮಗಳು ಸುಣ್ಣದಿಂದ ತನ್ನ ಹೆಸರು ಬರೆದಿದ್ದಳು.